ಅಟ್ಟದಿಂದಿಳಿದ ಆಟದ ಯಂತ್ರ

ಮಗನ ಓದಿಗೆ ವಿಘ್ನವೆಂದು ೨೦೦೩ರಲ್ಲಿ ನಾವೇ ಅಟ್ಟಕ್ಕೇರಿಸಿದ್ದ ಟಿ.ವಿ. ಆಟದ ಯಂತ್ರವನ್ನು, ಕಳೆದ ಬೇಸಗೆಯಲ್ಲಿ ನಮ್ಮ ಹರಿಹರದ ಮನೆಗೆ ಬಂದಿದ್ದ ಮೊಮ್ಮಗನು ಕೆಳಗಿಳಿಸಿದನು. ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೮೩ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ಅನುಕರಣವದು. ಗುಂಡಿಯೊತ್ತಿದರೆ ತೆರೆಯ ಮೇಲೆ ಬರಿಯ ಬೂದುಬಣ್ಣ! ಮಗನು ಅಂದು ಮಾಡುತ್ತಿದ್ದುದು ನೆನಪಾಗಿ ನಾವೂ ಕ್ಯಾಸೆಟ್ಟಿನ ಬಾಯಿಗೆ ಊದಿದೆವು.

ಅದು ತಪ್ಪೆಂದು ದಾವಣಗೆರೆಯ ರೇಡಿಯೋ ರಿಪೇರಿಯವರೊಬ್ಬರು ತಿಳಿಸಿದರು. ಉಸಿರಿನ ತೇವದಿಂದ ಅಲ್ಲಿಯ ೬೦ ತಾಮ್ರದ ಪಟ್ಟಿಗಳಿಗೆ ಕಿಲುಬು ಹಿಡಿಯುವುದು. ಊದಿದೊಡನೆ ಆಟವು ನಡೆದರೆ, ಅದು ಕ್ಯಾಸೆಟ್ಟನ್ನು ತೆಗೆದು ಮರಳಿ ಕೂರಿಸಿದುದರ ಫಲವೇ ಹೊರತು ಉಸಿರಿನದಲ್ಲ. ಮೊದಲು ವಿದ್ಯುತ್ ಸಂಬಂಧವನ್ನು ಕಳಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ, ಹತ್ತಿಯು ಬೆಳ್ಳಗೆ ಉಳಿಯುವವರೆಗೂ ಪಟ್ಟಿಗಳನ್ನು ಒರಸತಕ್ಕದ್ದು. ಪೂರ್ಣವಾಗಿ ಆರಿದ ಮೇಲೆಯೇ ಕೂರಿಸತಕ್ಕದ್ದು. ಮರಳುಕಾಗದವು ಸರ್ವಥಾ ಸಲ್ಲದು. ಅದರಿಂದ ಪಟ್ಟಿಯ ಮೇಲಣ ಲೇಪವೇ ಹೋಗುವುದು. ಒಳಗೆ ಬಿಟ್ಟಿದ್ದ ಒಂದು ಬೆಸುಗೆಯನ್ನು ಅವರೇ ಹಾಕಿಕೊಟ್ಟರು. (ಕೈ ನಡುಗುವ ನಮ್ಮಂಥವರು ಬೆಸುಗೆಗೆ ತೊಡಗದಿರುವುದು ಲೇಸು.)

ಆ ಶನಿವಾರ ಬೆಂಗಳೂರಿನಿಂದ ಬಂದ ಮಗನು, ಒಳಗಿನಿಂದ ಆಟದ ಹಳೆಯ ಸಂಗೀತವು ಕೇಳಿಬರಲು ಹೊಸ್ತಿಲಲ್ಲೇ ನಿಂತನು.

“ಅಪ್ಪಾ, ಇದನ್ನು ನೀವು ಎಸೆದಿರಲಿಲ್ಲವೇ?”

ನಾವು ಚಪ್ಪಲಿಯನ್ನು ಬಿಟ್ಟು ಒಳಗೆ ಬರುವಂತೆ ಹೇಳಿದೆವು.