ಆರಡಿ ದೂರ ಕೂತವರು

ಭೇದಿಯೆಂದು ಆಸ್ಪತ್ರೆಗೆ ಸೇರಿಸಿದ ನಾಲ್ಕು ತಿಂಗಳ ಕೂಸು. ಡ್ರಿಪ್ ಹಾಕಿದ ಮೇಲೆ ಚೇತರಿಸಿಕೊಂಡು ನಗತೊಡಗಿದೆ. ಇನ್ನೆರಡು ದಿನಕ್ಕೆ ಮನೆಗೆ ಕಳಿಸುತ್ತೇವೆ ಎಂದಿದ್ದಾರೆ ಡಾಕ್ಟರು. ಅಷ್ಟರಲ್ಲಿ ಮೂಗು ಸೋರತೊಡಗುತ್ತದೆ. ಮಾರನೆಯ ದಿನ ಮೊಲೆ ಹಿಡಿದು ಬಿಡುತ್ತದೆ, ಮತ್ತೆ ಹಿಡಿದು ಬಿಡುತ್ತದೆ. ಎದೆಯೊಳಗೆ ಗೊರಗೊರ, ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಸೆಳೆಯುತ್ತದೆ. ಫ್ಯಾನಿನ ಗಾಳಿ ತಾಗಿತು ಎನ್ನುತ್ತಾರೆ ಅಜ್ಜಿ. ನನ್ನ ಹಾಲೇ ಥಂಡಿಯಾಯಿತೇನೋ ಎಂದು ತಾಯಿ ತನ್ನನ್ನೇ ಹಳಿದುಕೊಳ್ಳುತ್ತಾಳೆ. ತಪ್ಪು ಗಾಳಿಯದೂ ಅಲ್ಲ, ಹಾಲಿನದಂತೂ ಅಲ್ಲವೇ ಅಲ್ಲ. ಕೂಸಿಗೆ ಈ ಎರಡನೆಯ ಕಾಯಿಲೆ ಅಂಟಿದ್ದು ಹೆಚ್ಚಾಗಿ ಆಸ್ಪತ್ರೆಯಲ್ಲೇ.

ಹೀಗೆ ಅಂಟುವ ವೈರಸ್‌ಗಳು ಹಲವು. ಎಳೆಗೂಸುಗಳ ಮಟ್ಟಿಗೆ ಅವುಗಳಲ್ಲಿ ಮುಖ್ಯವಾದದ್ದು ಆರ್‌ಎಸ್‌ವಿ, ಅಂದರೆ ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್. ಇದು ಮೊದಲು ಸಿಕ್ಕಿದ್ದು 1956ರಲ್ಲಿ, ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ನೆಗಡಿ ಹಿಡಿದಿದ್ದ ಚಿಂಪಾಂಜಿಗಳಲ್ಲಿ. ಮರುವರ್ಷವೇ ರಾಬರ್ಟ್ ಚಾನಕ್ ಮತ್ತು ಸಂಗಡಿಗರು ಬಾಲ್ಟಿಮೋರ್‌ನ ಕೂಸುಗಳಲ್ಲಿ ಅದೇ ವೈರಸ್ಸನ್ನು ಕಂಡರು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಇದು ಒಮ್ಮೆ ತಗಲುತ್ತದೆ. ಬಹುಪಾಲು ಮಕ್ಕಳಲ್ಲಿ ನೆಗಡಿಯಾಗಿ ಬಂದು ಹೋಗುತ್ತದೆ. ಆರು ತಿಂಗಳೊಳಗಿನ ಕೂಸುಗಳಲ್ಲಿ, ಅದರಲ್ಲೂ ದಿನ ತುಂಬದೆ ಹುಟ್ಟಿದವುಗಳಲ್ಲಿ, ಅದು ಶ್ವಾಸಕೋಶದ ಕಿರುನಳಿಕೆಗಳಿಗೆ ಇಳಿಯುತ್ತದೆ. ತಾಯಿಯಿಂದ ಕೂಸಿಗೆ ರೋಗ ತಡೆಯುವ ಶಕ್ತಿ ಹೆಚ್ಚಾಗಿ ಹರಿಯುವುದು ಬಸಿರಿನ ಕಡೆಯ ತಿಂಗಳುಗಳಲ್ಲಿ. ಬೇಗ ಹುಟ್ಟಿದ ಕೂಸು ಆ ಬುತ್ತಿಯನ್ನು ಪೂರ್ತಿ ಕಟ್ಟಿಕೊಳ್ಳದೆಯೇ ಬಂದಿರುತ್ತದೆ. ನಳಿಕೆಗಳೋ ಮೊದಲೇ ಸಣ್ಣವು. ಊತದಿಂದ ನಳಿಕೆಯ ಅಗಲ ಅರ್ಧಕ್ಕಿಳಿದರೆ ಗಾಳಿಯ ಹರಿವಿಗೆ ತಡೆ ಸುಮಾರು 16 ಪಟ್ಟು ಏರುತ್ತದೆ. ದೊಡ್ಡವರಿಗೆ ಒಂದು ಕರವಸ್ತ್ರದಲ್ಲಿ ಮುಗಿಯುವ ನೆಗಡಿ ಕೂಸಿಗೆ ಉಸಿರಿನ ಹೋರಾಟವಾಗುವುದು ಹೀಗೆ. 2019ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು ಒಂದು ಲಕ್ಷ ಮಕ್ಕಳು ಇದರಿಂದ ತೀರಿಕೊಂಡರೆಂದು ಅಂದಾಜು. ಅವರಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ವೈರಸ್ ಒಂದು ಮಂಚದಿಂದ ಇನ್ನೊಂದಕ್ಕೆ ದಾಟುವುದು ಹೇಗೆ? ಇದನ್ನು ಬಿಡಿಸಿದವರು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಮಕ್ಕಳ ವೈದ್ಯೆಯಾಗಿದ್ದ ಕ್ಯಾರೊಲಿನ್ ಬ್ರೀಸ್ ಹಾಲ್. ಬೇರೆ ಕಾಯಿಲೆಗಳಿಗೆಂದು ಸೇರಿದ್ದ ಕೂಸುಗಳ ಮೇಲೆ ಅವರ ತಂಡ ಕಣ್ಣಿಟ್ಟಿತು. ವಾರ ಅಥವಾ ಅದಕ್ಕೂ ಹೆಚ್ಚು ಕಾಲ ವಾರ್ಡಿನಲ್ಲಿ ಉಳಿದವುಗಳಲ್ಲಿ ನೂರಕ್ಕೆ 45ಕ್ಕೆ ಆರ್‌ಎಸ್‌ವಿ ಅಂಟಿತ್ತು. ವಾರ್ಡಿನ 24 ಸಿಬ್ಬಂದಿಯಲ್ಲಿ 10 ಜನರಿಗೂ ತಗಲಿತ್ತು. 1975ರಲ್ಲಿ ಪ್ರಕಟವಾದ ಈ ಲೆಕ್ಕ ಮಕ್ಕಳ ವಾರ್ಡನ್ನು ನೋಡುವ ಬಗೆಯನ್ನೇ ಬದಲಿಸಿತು.

1981ರಲ್ಲಿ ಹಾಲ್ ಮತ್ತು ಅವರ ಸಹೋದ್ಯೋಗಿ ಡಗ್ಲಸ್ ಪ್ರಕಟಿಸಿದ ಪ್ರಯೋಗವನ್ನು ನಾನು ಎಷ್ಟು ಸಲ ವಿವರಿಸಿದರೂ ಬೇಸರವಾಗದು, ಅಷ್ಟು ಸರಳ ಅದು. ಒಪ್ಪಿ ಬಂದ ದೊಡ್ಡವರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿನವರು ಕಾಯಿಲೆಯ ಕೂಸನ್ನು ಎತ್ತಿ ಆಡಿಸಿ ಆರೈಕೆ ಮಾಡಿದರು. ಎರಡನೆಯವರು ಕೂಸನ್ನು ಮುಟ್ಟಲೇ ಇಲ್ಲ. ಅದು ಕೋಣೆಯಲ್ಲಿಲ್ಲದಾಗ ಅದರ ಸಿಂಬಳ, ಜೊಲ್ಲು ತಾಗಿದ್ದ ಜಾಗಗಳನ್ನು ಮುಟ್ಟಿ, ಆಮೇಲೆ ತಮ್ಮ ಮೂಗು, ಕಣ್ಣು ಮುಟ್ಟಿಕೊಂಡರು. ಮೂರನೆಯವರು ಕೂಸಿನಿಂದ ಆರಡಿಗೂ ಹೆಚ್ಚು ದೂರ ಸುಮ್ಮನೆ ಕೂತರು. ಎತ್ತಿಕೊಂಡ 7 ಜನರಲ್ಲಿ 5 ಮಂದಿಗೆ ಸೋಂಕು ಬಂತು. ಜಾಗ ಮುಟ್ಟಿದ 10 ಜನರಲ್ಲಿ 4 ಮಂದಿಗೆ ಬಂತು. ದೂರ ಕೂತ 14 ಜನರಲ್ಲಿ ಒಬ್ಬರಿಗೂ ಬರಲಿಲ್ಲ.

ಎರಡನೆಯ ಗುಂಪೇ ನನ್ನನ್ನು ಹೆಚ್ಚು ಕಾಡುವುದು. ಅವರು ಕೂಸಿನ ಮುಖವನ್ನೂ ನೋಡಿರಲಿಲ್ಲ. ಇದೇ ತಂಡದ ಇನ್ನೊಂದು ಪರೀಕ್ಷೆಯ ಪ್ರಕಾರ ಈ ವೈರಸ್ ಗಟ್ಟಿ ಮೇಜಿನ ಮೇಲೆ ಆರು ಗಂಟೆಯವರೆಗೆ, ರಬ್ಬರ್ ಗ್ಲೌಸಿನ ಮೇಲೆ ಒಂದೂವರೆ ಗಂಟೆಯವರೆಗೆ, ಬರಿಗೈಯ ಮೇಲೆ ಸುಮಾರು 20 ನಿಮಿಷ ಬದುಕಿರಬಲ್ಲದು. ಇಪ್ಪತ್ತು ನಿಮಿಷದಲ್ಲಿ ಒಬ್ಬ ನರ್ಸ್ ಎಷ್ಟು ಮಂಚ ಸುತ್ತುತ್ತಾಳೆಂದು ಯೋಚಿಸಿ. ಒಂದೇ ಸ್ಟೆತಸ್ಕೋಪು, ಒಂದೇ ತೂಕದ ತಟ್ಟೆ, ಗ್ಲೌಸ್ ಬದಲಿಸಲು ಬಿಡುವಿಲ್ಲದ ರಾತ್ರಿ ಪಾಳಿ. ಇದರಲ್ಲಿ ಆ ಹೆಣ್ಣುಮಗಳನ್ನು ದೂರುವುದು ನ್ಯಾಯವಲ್ಲ. ಒಬ್ಬಳ ಪಾಲಿಗೆ ಎಷ್ಟು ಕೂಸುಗಳು ಬರಬೇಕೆಂದು ತೀರ್ಮಾನಿಸುವವರು ಬೇರೆಯವರು. ಒಂದೇ ಮಂಚಕ್ಕೆ ಎರಡು ಕೂಸು ಮಲಗಿಸುವ ಪರಿಸ್ಥಿತಿಯಲ್ಲಿ ಗೋಡೆಗೆ ಅಂಟಿಸಿದ ಕೈತೊಳೆಯುವ ಚಿತ್ರಪಟವೊಂದೇ ಕಾಪಾಡದು.

ಆದರೂ ಈ ವೈರಸ್ ಗಟ್ಟಿ ಪ್ರಾಣಿಯಲ್ಲ. ಅದರ ಹೊರಕವಚ ಜಿಡ್ಡಿನದು. ಸೋಪು ನೀರಿಗೂ ಸ್ಪಿರಿಟ್ಟಿನ ಹ್ಯಾಂಡ್‌ರಬ್‌ಗೂ ಅದು ಕರಗಿಹೋಗುತ್ತದೆ. ಪ್ರತಿ ಕೂಸಿನ ಮುನ್ನ, ಪ್ರತಿ ಕೂಸಿನ ನಂತರ ಕೈ ತೊಳೆಯುವುದು, ನೆಗಡಿಯಿರುವ ಕೂಸುಗಳನ್ನು ಒಂದು ಕಡೆ ಸೇರಿಸುವುದು, ಸೀನುತ್ತಿರುವ ಸಿಬ್ಬಂದಿಗೆ ರಜೆ ಕೊಡುವುದು, ಇವೆಲ್ಲ ಕೂಡಿದಾಗ ವಾರ್ಡಿನ ಸೋಂಕು ಇಳಿಯುತ್ತದೆ. 1998ರಲ್ಲಿ ಪಾಲಿವಿಜುಮ್ಯಾಬ್ ಎಂಬ ಪ್ರತಿಕಾಯದ ಇಂಜೆಕ್ಷನ್ ಬಂತು. ಈಚೆಗೆ ಅದೇ ಬಗೆಯ ನಿರ್ಸೆವಿಮ್ಯಾಬ್ ಬಂದಿದೆ, 2023ರಿಂದ ಬಸುರಿಯರಿಗೆ ಕೊಡುವ ಲಸಿಕೆಯೂ ಬಂದಿದೆ. ಕಾಯಿಲೆ ಬಂದ ಮೇಲೆ ಆಂಟಿಬಯಾಟಿಕ್ ಈ ವೈರಸ್ಸಿಗೆ ನಾಟದು. ಆಮ್ಲಜನಕ, ಮೂಗಿನ ಸಿಂಬಳ ತೆಗೆಯುವುದು, ಹಾಲು ನೀರು ತಪ್ಪದಂತೆ ನೋಡಿಕೊಳ್ಳುವುದು, ಇದೇ ಚಿಕಿತ್ಸೆ.

ನಮ್ಮ ಎಷ್ಟೋ ಮನೆಗಳಲ್ಲಿ ಕೈಕಾಲು ತೊಳೆಯದೆ ಬಾಣಂತಿ ಕೋಣೆಗೆ ಕಾಲಿಡಲು ಹಿರಿಯರು ಬಿಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಬಸ್ಸಿಳಿದು ಬಂದ ಬಂಧುಗಳೆಲ್ಲ ನೇರವಾಗಿ ಕೂಸಿನ ಗಲ್ಲ ಹಿಂಡುತ್ತಾರೆ. ಬೇಡ ಎನ್ನಲು ತಾಯಿಗೆ ಸಂಕೋಚ. ಆ ಮಾತನ್ನು ಅಜ್ಜಿಯೋ ಅಪ್ಪನೋ ಆಡಲಿ. "ಕೈ ತೊಳೆದು ಬನ್ನಿ" ಎಂದು ಡಾಕ್ಟರಿಗೂ ಹೇಳಬಹುದು, ಅದರಲ್ಲಿ ಅಗೌರವವಿಲ್ಲ.

ಸೋಂಕು ತಗಲಿದ ಎರಡರಿಂದ ಎಂಟು ದಿನದೊಳಗೆ ಲಕ್ಷಣ ಕಾಣಿಸುತ್ತದೆ. ಹಾಗಾಗಿ ಡಿಸ್ಚಾರ್ಜ್ ಆಗಿ ಮನೆ ಸೇರಿದ ಮೇಲೂ ವಾರ ಕಾಲ ಕೂಸಿನ ಉಸಿರು ಗಮನಿಸಿ. ಪಕ್ಕೆ ಸೆಳೆದರೆ, ಹಾಲು ಅರ್ಧಕ್ಕಿಳಿದರೆ, ತುಟಿ ನೀಲಿಗಟ್ಟಿದರೆ, ಉಸಿರು ನಿಂತು ನಿಂತು ಬಂದರೆ ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಹೋದ ವಾರ ಇಂಥ ಆಸ್ಪತ್ರೆಯಲ್ಲಿ ಸೇರಿಸಿದ್ದೆವು ಎಂಬುದನ್ನು ಅಲ್ಲಿ ಮೊದಲೇ ಹೇಳಿ. ಆಗ ಅವರು ನಿಮ್ಮ ಕೂಸನ್ನು ಬೇರೆ ಎಳೆಗೂಸುಗಳ ಪಕ್ಕ ಮಲಗಿಸುವುದಿಲ್ಲ.