ರೋಗನಾಮ, ರೋಗಸಂಕೇತ ಮತ್ತು ಕನ್ನಡ: ಗೊನೋರಿಯಾ ವರ್ಗದ ಸೋಂಕುಗಳನ್ನು ಕುರಿತು

ರೋಗಗಳ ಹೆಸರುಗಳನ್ನು ನಾವು ಇದುವರೆಗೆ ನಿಘಂಟುಶಾಸ್ತ್ರದ, ಹೆಚ್ಚೆಂದರೆ ಜಾನಪದ ವೈದ್ಯದ ಸಾಮಗ್ರಿಯಾಗಿ ನೋಡುತ್ತ ಬಂದಿದ್ದೇವೆ. ಆದರೆ ಇಂದು ಆಸ್ಪತ್ರೆಯಲ್ಲಿ ರೋಗದ ಹೆಸರು ದಾಖಲೆಯ ಕೊನೆಯ ರೂಪವಲ್ಲ. ರೋಗಿ ಹೇಳಿಕೊಂಡ ಮಾತು ವೈದ್ಯರ ಬರಹದಲ್ಲಿ ಇಂಗ್ಲಿಷ್ ಪದವಾಗಿ, ಆ ಪದ ಮತ್ತೆ ಒಂದು ಅಕ್ಷರ ಹಾಗೂ ಕೆಲವು ಅಂಕಿಗಳ ಸಂಕೇತವಾಗಿ ಮಾರ್ಪಡುತ್ತದೆ. ಅಂಕಿ ಅಂಶಗಳಿಗೆ, ಔಷಧಿಯ ಸರಬರಾಜಿಗೆ, ವಿಮೆಗೆ, ಮರಣಕಾರಣದ ಪ್ರಮಾಣೀಕರಣಕ್ಕೆ ಆಧಾರವಾಗುವುದು ಈ ಸಂಕೇತವೇ. ಎರಡು ಹಂತದ ಈ ಭಾಷಾಂತರದಲ್ಲಿ ಕನ್ನಡದ ಮಾತಿಗೆ ಏನಾಗುತ್ತದೆ ಎಂಬುದನ್ನು ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕುಗಳ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೇಳಿಕೊಳ್ಳಲು ಜನ ಅತ್ಯಂತ ಹಿಂಜರಿಯುವ ರೋಗಗಳು ಇವಾದುದರಿಂದ ಮಾತಿಗೂ ಸಂಕೇತಕ್ಕೂ ನಡುವಣ ಅಂತರ ಇಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣಕ್ಕೆ 1893ರಲ್ಲಿ ಚಿಕಾಗೊದಲ್ಲಿ ಜಾಕ್ ಬರ್ತಿಯೋನ್ ಮಂಡಿಸಿದ ಮರಣಕಾರಣಗಳ ಪಟ್ಟಿಯೇ ಮೂಲ. 1948ರ ಆರನೆಯ ಪರಿಷ್ಕರಣದಿಂದ ವಿಶ್ವ ಆರೋಗ್ಯ ಸಂಸ್ಥೆ ಅದರ ಹೊಣೆ ಹೊತ್ತು, ಸಾವಿನ ಜೊತೆಗೆ ಕಾಯಿಲೆಗಳನ್ನೂ ಸೇರಿಸಿತು. ಹತ್ತನೆಯ ಪರಿಷ್ಕರಣ 1990ರಲ್ಲಿ ಅಂಗೀಕೃತವಾಯಿತು. 2019ರಲ್ಲಿ ಅಂಗೀಕೃತವಾದ ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂದಿದೆಯಾದರೂ ಹತ್ತನೆಯದರ ಬಳಕೆ ನಿಂತಿಲ್ಲ. ಇಲ್ಲಿ ಚರ್ಚಿಸುವ ಸಂಕೇತಗಳು ಹತ್ತನೆಯದಕ್ಕೆ ಸೇರಿದವು.

ಅದರಲ್ಲಿ ಎ-50ರಿಂದ ಎ-64ರವರೆಗಿನ ಭಾಗ ‘ಪ್ರಧಾನವಾಗಿ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳಿಗೆ’ ಮೀಸಲು. ಎ-50ರಿಂದ ಎ-53 ಸಿಫಿಲಿಸ್, ಎ-54 ಗೊನೋರಿಯಾ, ಎ-55 ಮತ್ತು ಎ-56 ಕ್ಲಮೀಡಿಯಾ. ‘ಪ್ರಧಾನವಾಗಿ’ ಎಂಬ ಕ್ರಿಯಾವಿಶೇಷಣವನ್ನು ಗಮನಿಸಬೇಕು. ತಾಯಿಯಿಂದ ಹೆರಿಗೆಯ ವೇಳೆ ಗೊನೋಕಾಕಸ್ ತಗುಲಿ ಕಣ್ಣು ಬಾತುಕೊಂಡ ಹಸುಳೆಗೂ ಇದೇ ಗುಂಪಿನ ಎ-54.3 ಸಲ್ಲುತ್ತದೆ, ಹುಟ್ಟಿನಿಂದಲೇ ಬಂದ ಸಿಫಿಲಿಸ್‌ಗೆ ಎ-50. ಇಲ್ಲಿ ವರ್ಗೀಕೃತವಾಗಿರುವುದು ಸೋಂಕಿನ ಸಾಮಾನ್ಯ ಹಾದಿಯೇ ವಿನಾ ಸೋಂಕಿತರ ನಡತೆಯಲ್ಲ. ಕನ್ನಡದಲ್ಲಿ ಬಳಕೆಗೆ ಬಂದ ‘ರತಿರೋಗ’, ‘ಗುಹ್ಯರೋಗ’ ಎಂಬ ಪದಗಳನ್ನು ಆ ಹಸುಳೆಗೆ ಅನ್ವಯಿಸಿ ನೋಡಿದರೆ ಅವುಗಳ ಇಕ್ಕಟ್ಟು ತಾನಾಗಿ ತಿಳಿಯುತ್ತದೆ. ಒಂದು ರೋಗಕ್ಕೆ ಕಾರಣವನ್ನೇ ತೀರ್ಪಾಗಿ ಅಂಟಿಸುತ್ತದೆ, ಇನ್ನೊಂದು ಅದನ್ನು ಮುಚ್ಚಿಡಬೇಕಾದುದೆಂದು ಸೂಚಿಸುತ್ತದೆ. ಈಚೆಗೆ ರೂಢಿಯಾದ ‘ಲೈಂಗಿಕವಾಗಿ ಹರಡುವ ಸೋಂಕು’ ಉದ್ದವಾದರೂ ಮೇಲೆನ್ನಬೇಕು.

ಹೆಸರುಗಳಲ್ಲಿ ಅತ್ಯಂತ ಕುತೂಹಲಕರವಾದುದು ‘ಪರಂಗಿ’. ಪಾರಸಿಯ ‘ಫರಂಗ್’ ಪೋರ್ಚುಗೀಸರನ್ನೂ ಅವರ ಹಿಂದೆ ಬಂದ ಇತರ ಐರೋಪ್ಯರನ್ನೂ ಸೂಚಿಸುವ ಮಾತಾಯಿತು. ಹದಿನಾರನೆಯ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ದಲ್ಲಿ ‘ಫಿರಂಗರೋಗ’ ಪ್ರತ್ಯೇಕ ವ್ಯಾಧಿಯಾಗಿ ಕಾಣಿಸಿಕೊಳ್ಳುತ್ತದೆ. ಪ್ರಾಚೀನ ಸಂಹಿತೆಗಳ ‘ಉಪದಂಶ’ಕ್ಕೆ ಇದನ್ನು ಸಮೀಕರಿಸುವ ರೂಢಿ ಅನಂತರದ್ದು. ಚಾವುಂಡರಾಯನ ‘ಲೋಕೋಪಕಾರ’ದಲ್ಲಾಗಲಿ ಮಂಗರಾಜನ ‘ಖಗೇಂದ್ರಮಣಿದರ್ಪಣ’ದಲ್ಲಾಗಲಿ ಈ ಹೆಸರಿನ ರೋಗ ಮೂಲಪಾಠದಲ್ಲಿ ಇರಲಾರದು; ಯಾವುದಾದರೂ ಹಳಗನ್ನಡ ವೈದ್ಯಗ್ರಂಥದ ಪ್ರತಿಯಲ್ಲಿ ಅದು ಕಂಡುಬಂದರೆ ಪ್ರಕ್ಷೇಪವೆಂದು ಶಂಕಿಸಲು ಗ್ರಂಥಸಂಪಾದಕರಿಗೆ ಅದೊಂದು ಸುಳಿವು. ಕನ್ನಡದಲ್ಲಿ ಪರಂಗಿ ಹುಣ್ಣು ರೋಗ, ಪರಂಗಿ ಚೆಕ್ಕೆ ಅದರ ಔಷಧಿ, ಪರಂಗಿ ಹಣ್ಣು ನಿರಪಾಯವಾದ ಫಲ. ಮೂರೂ ಹೊರಗಿನಿಂದ ಬಂದವೆಂಬುದಷ್ಟೇ ಇವುಗಳ ಸಂಬಂಧ. ಇದೇ ‘ಪರಂಗಿ’ ಶ್ರೀಲಂಕಾದಲ್ಲಿ ಯಾಸ್ ಎಂಬ ಬೇರೆ ರೋಗದ ಹೆಸರು. ಯಾಸ್‌ನ ಜೀವಾಣು ಸಿಫಿಲಿಸ್‌ನ ಜೀವಾಣುವಿಗೆ ಅತಿ ನಿಕಟ ಬಂಧುವಾದರೂ ಹರಡುವುದು ಚರ್ಮದ ಸ್ಪರ್ಶದಿಂದ, ಹೆಚ್ಚಾಗಿ ಮಕ್ಕಳಲ್ಲಿ. ಅದರ ಸಂಕೇತ ಎ-66. ಹೆಸರು ಒಂದೇ ಆಗಿದ್ದರೂ ಸಂಕೇತಗಳು ಬೇರೆ ಎನ್ನಲು ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ವರ್ಗೀಕರಣವು ನಿರುಪದ್ರವಿಯಾದ ಲೆಕ್ಕಾಚಾರವೆಂದು ಭಾವಿಸುವವರು ಬೆಂಗಳೂರಿನ ದಂಡುಪ್ರದೇಶದ ಚರಿತ್ರೆಯನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ‘ಲಾಕ್ ಆಸ್ಪತ್ರೆ’ ಇದ್ದಿತು. 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಕಾಲದ ಆ ವ್ಯವಸ್ಥೆಯಲ್ಲಿ ಸೈನಿಕರ ಸಿಫಿಲಿಸ್, ಗೊನೋರಿಯಾಗಳು ವರದಿಯ ಕಾಲಂಗಳಾದವು. ಬಲವಂತದ ತಪಾಸಣೆ, ನೋಂದಣಿ ಮತ್ತು ಬಂಧನಗಳು ಸ್ಥಳೀಯ ಹೆಂಗಸರ ಪಾಲಿಗೆ ಬಂದವು. ಕಾಯಿದೆ 1888ರಲ್ಲಿ ರದ್ದಾಯಿತು.

ಇನ್ನು ಇಂದಿನ ಯಲಹಂಕಕ್ಕೆ ಬರೋಣ. ನಾಡಪ್ರಭುಗಳ ಈ ಮೂಲನೆಲೆ ಈಗ ವಾಯುಪಡೆಯ ನಿಲ್ದಾಣ, ರೈಲು ಗಾಲಿ ಕಾರ್ಖಾನೆ, ಮುಗಿಯದ ಕಟ್ಟಡ ಕಾಮಗಾರಿಗಳ ಪ್ರದೇಶ. ಹಳೆಯ ಮೈಸೂರು ಕನ್ನಡದ ಪಕ್ಕದಲ್ಲಿ ಕಲ್ಯಾಣ ಕರ್ನಾಟಕದಿಂದ ದುಡಿಯಲು ಬಂದವರ ಕನ್ನಡ, ತೆಲುಗು, ದಖನಿ ಉರ್ದು, ಹಿಂದಿಗಳು ಇಲ್ಲಿ ಕಿವಿಗೆ ಬೀಳುತ್ತವೆ. ಇಂತಹ ಊರಿನ ಸರ್ಕಾರಿ ಆಸ್ಪತ್ರೆಗೆ ಗೊನೋರಿಯಾದ ಲಕ್ಷಣವುಳ್ಳ ಒಬ್ಬ ಗಂಡಸು ಬಂದನೆಂದು ಇಟ್ಟುಕೊಳ್ಳೋಣ. ತೆಲುಗಿನವನಾದರೆ ‘ಸೆಗ’ ಎಂದಾನು, ಉರ್ದುವಿನವನು ‘ಸೂಜಾಕ್’ ಎಂದಾನು, ಕನ್ನಡಿಗ ‘ಉರಿಮೂತ್ರ’ ಎಂದಾನು. ಮೂರಕ್ಕೂ ಉರಿ, ಬೇಗೆಗಳೇ ಅರ್ಥಮೂಲ. ಆದರೆ ‘ಉರಿಮೂತ್ರ’ವನ್ನು ಇದ್ದಂತೆಯೇ ಸಂಕೇತಕ್ಕೆ ಇಳಿಸಿದರೆ ದೊರೆಯುವುದು ಆರ್-30, ಅಂದರೆ ಬರಿಯ ಲಕ್ಷಣ. ಅದೇ ಮನುಷ್ಯ ‘ಮೇಹ’ ಎಂದರೆ ಕೇಳುವವರು ಮಧುಮೇಹವೆಂದು ತಿಳಿದು ರಕ್ತದ ಸಕ್ಕರೆಯನ್ನು ಪರೀಕ್ಷಿಸಲೂಬಹುದು.

ನಿಜವಾದ ತೊಡಕು ‘ಧಾತು ಹೋಗುತ್ತದೆ’ ಎಂಬ ಮಾತಿನದು. ಮೂತ್ರದ್ವಾರದಿಂದ ಕೀವು ಒಸರುವವನೂ ಹಾಗೆನ್ನುತ್ತಾನೆ. ಸೋಂಕೇನೂ ಇಲ್ಲದೆ, ಮೈಯ ಸಾರವೇ ಸೋರಿಹೋಗುತ್ತಿದೆ ಎಂಬ ಆತಂಕದಲ್ಲಿ ಕೃಶನಾಗುತ್ತಿರುವ ತರುಣನೂ ಹಾಗೆಯೇ ಎನ್ನುತ್ತಾನೆ. ಮೊದಲನೆಯವನಿಗೆ ಆರ್-36 ಎಂಬ ಸ್ರಾವದ ಸಂಕೇತ ಸಲ್ಲುತ್ತದೆ. ಪ್ರಯೋಗಾಲಯದಲ್ಲಿ ಗೊನೋಕಾಕಸ್ ದೃಢಪಟ್ಟರೆ ಎ-54. ಎರಡನೆಯವನಿಗೆ ವರ್ಗೀಕರಣವು ‘ಧಾತ್ ಸಿಂಡ್ರೋಮ್’ ಎಂಬ ಹೆಸರಿನಲ್ಲಿ, ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಲ್ಲಿ, ಎಫ್-48.8ರಡಿ ಸ್ಥಾನ ಕಲ್ಪಿಸಿದೆ. ಅದಲು ಬದಲಾದರೆ ಒಬ್ಬನಿಗೆ ಬೇಡದ ಪ್ರತಿಜೈವಿಕ ಔಷಧಿ, ಇನ್ನೊಬ್ಬನಿಗೆ ಬರಿಯ ಸಮಾಧಾನದ ಮಾತು. ಅವನ ಹೆಂಡತಿಗೂ ಸೋಂಕು ತಗುಲುವ ಅಪಾಯ. ಸ್ರಾವವನ್ನು ಬೀಜದ ನಷ್ಟವೆಂದು ತಿಳಿದದ್ದು ನಮ್ಮವರ ಅಜ್ಞಾನವೆಂದು ನಗುವಂತಿಲ್ಲ. ‘ಗೊನೋರಿಯಾ’ ಎಂಬ ಗ್ರೀಕ್ ಪದದ ಅರ್ಥವೂ ‘ಬೀಜದ ಹರಿವು’ ಎಂದೇ. ನೈಸರ್ 1879ರಲ್ಲಿ ಜೀವಾಣುವನ್ನು ಗುರುತಿಸಿದ ಮೇಲೂ ತಪ್ಪು ಅರ್ಥದ ಆ ಹೆಸರು ಉಳಿಯಿತು. ಅದಕ್ಕೆ ಖಚಿತತೆ ಒದಗಿದ್ದು ವ್ಯಾಖ್ಯೆಯಿಂದ, ವ್ಯುತ್ಪತ್ತಿಯಿಂದಲ್ಲ. ‘ಸಿಫಿಲಿಸ್’ ಅಂತೂ ಫ್ರಾಕಸ್ತೋರೊ 1530ರಲ್ಲಿ ಪ್ರಕಟಿಸಿದ ಲ್ಯಾಟಿನ್ ಕಾವ್ಯದ ಕುರುಬನೊಬ್ಬನ ಹೆಸರಿನಿಂದ ಬಂದುದು.

ಹೆಂಗಸರ ವಿಷಯದಲ್ಲಿ ಸ್ಥಿತಿ ಇನ್ನೂ ಸೂಕ್ಷ್ಮ. ‘ಬಿಳಿ ಸೆರಗು’, ‘ಬಿಳಿ ಮುಟ್ಟು’ ಎಂಬ ಮಾತುಗಳು ಸಹಜ ಸ್ರಾವದಿಂದ ಗರ್ಭಕಂಠದ ಸೋಂಕಿನವರೆಗೆ ಎಲ್ಲವನ್ನೂ ಒಳಗೊಳ್ಳುತ್ತವೆ. ಮಾತಿಗೆ ನೇರವಾಗಿ ಹೊಂದುವ ಸಂಕೇತ ಎನ್-89.8, ಗೊನೋರಿಯಾ, ಕ್ಲಮೀಡಿಯಾಗಳು ಹೆಂಗಸರಲ್ಲಿ ಅನೇಕ ವೇಳೆ ಲಕ್ಷಣವನ್ನೇ ತೋರದ ಕಾರಣ ಅವು ಅದರಡಿ ಅಡಗಿಬಿಡಬಹುದು, ಅಥವಾ ದಾಖಲೆಗೇ ಬಾರದಿರಬಹುದು. ಗಂಡನಿಗೆ ಸೋಂಕು ಇದೆಯೆಂದು ಚಿಕಿತ್ಸೆಗೆ ಕರೆತಂದ, ತನಗೇನೂ ತೊಂದರೆಯಿಲ್ಲದ ಹೆಂಡತಿಗೆ ವರ್ಗೀಕರಣದಲ್ಲಿ ಝಡ್-20.2 ಎಂಬ ‘ಸಂಪರ್ಕ’ದ ಸಂಕೇತವುಂಟು. ಅವಳನ್ನು ರೋಗಿಯೆನ್ನದೆ ಹೆಸರಿಸುವ ಪದ ನಮ್ಮಲ್ಲಿ ಇನ್ನೂ ನೆಲೆಗೊಂಡಿಲ್ಲ.

ಈ ನಡುವೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ತನ್ನ ಮೂರನೆಯ ಹಂತದಲ್ಲಿ (2007-12) ಮತ್ತೊಂದು ಬಗೆಯ ಸಂಕೇತವನ್ನು ಬಳಕೆಗೆ ತಂದಿತು. ಪರೀಕ್ಷಾ ಸೌಲಭ್ಯವಿಲ್ಲದೆಡೆ ಲಕ್ಷಣಗಳ ಗುಂಪನ್ನು ನೋಡಿ ಬಣ್ಣದ ಪೊಟ್ಟಣದಲ್ಲಿ ಔಷಧಿ ಕೊಡುವ ಕ್ರಮವದು. ಮೂತ್ರನಾಳದ ಅಥವಾ ಗರ್ಭಕಂಠದ ಸ್ರಾವಕ್ಕೆ ಬೂದು ಬಣ್ಣ, ಜನನಾಂಗದ ಹುಣ್ಣಿಗೆ ಬಿಳಿ, ಕಿಬ್ಬೊಟ್ಟೆಯ ನೋವಿಗೆ ಹಳದಿ ಎಂಬಂತೆ. ಬೂದು ಪೊಟ್ಟಣ ಗೊನೋರಿಯಾ, ಕ್ಲಮೀಡಿಯಾಗಳೆರಡನ್ನೂ ಉದ್ದೇಶಿಸಿದ್ದು. ಆದುದರಿಂದ ರೋಗಿ ಗುಣವಾದರೂ ಅವನಿಗೆ ಇದ್ದುದು ಎ-54 ಆಗಿತ್ತೋ ಎ-56 ಆಗಿತ್ತೋ ದಾಖಲೆ ಹೇಳಲಾರದು. ಚಿಕಿತ್ಸೆಗೆ ಇದು ಒಪ್ಪುವ ಅನಿಶ್ಚಿತತೆ. ಆದರೆ ಗೊನೋಕಾಕಸ್ ಒಂದಾದ ಮೇಲೊಂದು ಔಷಧಿಗೆ ಪ್ರತಿರೋಧ ಬೆಳೆಸಿಕೊಳ್ಳುತ್ತಿರುವ ಈ ಹೊತ್ತಿನಲ್ಲಿ, ಎಲ್ಲಿ ಯಾವ ಸೋಂಕು ಎಷ್ಟಿದೆ ಎಂಬುದು ಬಣ್ಣದಿಂದ ತಿಳಿಯದು.

ಪಶುವೈದ್ಯದಲ್ಲಿ ಇದಕ್ಕೆ ಹೋಲುವ ಸಮಸ್ಯೆಯಿದೆಯೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಜಾನುವಾರು ರೋಗಗಳ ಮಾಹಿತಿಯನ್ನು ದೇಶಮಟ್ಟದಲ್ಲಿ ಕ್ರೋಡೀಕರಿಸುವ ಸಂಸ್ಥೆ ಯಲಹಂಕದ ರಾಮಗೊಂಡನಹಳ್ಳಿಯಲ್ಲೇ ಇದೆ. ರೈತ ‘ಹಸು ಕಂದು ಹಾಕಿತು’ ಎನ್ನುತ್ತಾನೆ. ಅದರ ಹಿಂದೆ ಬ್ರುಸೆಲ್ಲಾ ಇರಬಹುದು, ಕ್ಯಾಂಪಿಲೋಬ್ಯಾಕ್ಟರ್ ಇರಬಹುದು, ಬೇರೊಂದೂ ಇರಬಹುದು. ಕ್ಯಾಂಪಿಲೋಬ್ಯಾಕ್ಟರ್ ಹೋರಿಯಿಂದ ಹಸುವಿಗೆ ಹರಡುವಂಥದು.

ವರ್ಗೀಕರಣದ ಹತ್ತನೆಯ ಪರಿಷ್ಕರಣಕ್ಕೆ ಮೂರು ಸಂಪುಟಗಳಿವೆ: ಸಂಕೇತಗಳ ಪಟ್ಟಿ, ಬಳಕೆಯ ಕೈಪಿಡಿ, ಅಕಾರಾದಿ ಸೂಚಿ. ಪಟ್ಟಿಯ ಅನುವಾದ ವೈದ್ಯರ ಕೆಲಸ. ಆದರೆ ಮೂರನೆಯ ಸಂಪುಟಕ್ಕೆ ಸಮನಾದ ಕನ್ನಡ ಸೂಚಿಯನ್ನು ಕನ್ನಡ ವಿಭಾಗಗಳ ನೆರವಿಲ್ಲದೆ ಸಿದ್ಧಪಡಿಸಲಾಗದು. ಅದು ಪಾರಿಭಾಷಿಕ ಪದಕೋಶವಾಗಬಾರದು; ‘ಪೂಯಮೇಹ’ದಂತಹ ಟಂಕಿತ ಪದಗಳನ್ನು ಯಾವ ರೋಗಿಯೂ ಉಚ್ಚರಿಸುವುದಿಲ್ಲ. ಆಡುಮಾತೇ ಶಿರೋನಾಮೆಯಾಗಬೇಕು, ಅದರಡಿ ಕೇಳಬೇಕಾದ ಮುಂದಿನ ಪ್ರಶ್ನೆ, ಆ ಬಳಿಕ ಸಂಕೇತ. ಮಾದರಿಗೆ ಒಂದು ಉಲ್ಲೇಖ:

ಧಾತು ಹೋಗು: ಸ್ರಾವ ಕಣ್ಣಿಗೆ ಕಾಣುತ್ತಿದ್ದಲ್ಲಿ ಆರ್-36, ಗೊನೋಕಾಕಸ್ ದೃಢಪಟ್ಟಲ್ಲಿ ಎ-54, ಪರೀಕ್ಷೆಯಲ್ಲಿ ಸೋಂಕಿಲ್ಲದೆ ಆತಂಕ, ನಿಶ್ಶಕ್ತಿಗಳಿದ್ದಲ್ಲಿ ಎಫ್-48.8. ಮೇಹ, ಉರಿಮೂತ್ರ, ಬಿಳಿ ಸೆರಗು ನೋಡಿ.

ಇಂತಹ ಉಲ್ಲೇಖಗಳಿಗೆ ಬೇಕಾದ ಪ್ರಾದೇಶಿಕ ರೂಪಗಳನ್ನು ಕ್ಷೇತ್ರಕಾರ್ಯದಿಂದಲೇ ಪಡೆಯಬೇಕು. ಹೆಂಗಸರ ಮಾತುಗಳನ್ನು ಹೆಂಗಸರೇ ಸಂಗ್ರಹಿಸುವುದು ಉಚಿತ. ಚಿಕಿತ್ಸೆಗೆ ಕಾದು ಕುಳಿತವರನ್ನು ಪ್ರಶ್ನಿಸದೆ ಆಶಾ ಕಾರ್ಯಕರ್ತೆಯರು, ದಾದಿಯರು, ಸೂಲಗಿತ್ತಿಯರಿಂದ ಆರಂಭಿಸಿದರೆ ಯಾರ ಗುಟ್ಟೂ ಹೊರಬೀಳದು.