ಮಣ್ಣಿಲ್ಲದ ಊರಿನ ಕರೆಂಟು

ಹಡಗು ಹತ್ತುವ ಮುನ್ನ ಮುಂಬೈ ಬಂದರಿನ ತಪಾಸಣೆ ಮೇಜಿನ ಮೇಲೆ ನಮ್ಮ ಚೀಲದಿಂದ ಎರಡು ಸಾಮಾನು ಹೊರಬಂದವು. ಒಂದು, ಅಕ್ಕ ನೀರು ಕಾಯಿಸಲೆಂದು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದ ರಾಡು. ಇನ್ನೊಂದು, ನಾನು ತಂದಿದ್ದ ಎಕ್ಸ್‌ಟೆನ್ಶನ್ ಬಾಕ್ಸು. ನಾಲ್ಕು ಪ್ಲಗ್ಗಿನ ಜಾಗ, ಒಂದು ಕೆಂಪು ಸ್ವಿಚ್ಚು, ವೋಲ್ಟೇಜ್ ಜಿಗಿದರೂ ಸಾಮಾನು ಸುಡುವುದಿಲ್ಲ ಎಂದು ಹೇಳುವ ಒಂದು ಚೀಟಿ. ಎರಡಕ್ಕೂ ನಮ್ಮ ಕೋಣೆಯ ನಂಬರು ಬರೆದ ಪಟ್ಟಿ ಕಟ್ಟಿ, ಇಳಿಯುವ ದಿನ ಒಯ್ಯಿರಿ ಎಂದರು.

ಅಕ್ಕ ನನ್ನ ಕಡೆ ತಿರುಗಿದಳು. "ರಾಡ್ ಬ್ಯಾಡಂದ್ರ ತಿಳೀತೈತಿ. ಆ ಬಾಕ್ಸ್ ಏನ್ ಮಾಡೇತೋ ತಮ್ಮಾ?"

ಬೆಲ್ಲದ ಬಾಗೇವಾಡಿಯ ನಮ್ಮ ಮನೆಯಲ್ಲಿ ಟಿ.ವಿ.ಯನ್ನೂ ಫ್ರಿಜ್ಜನ್ನೂ ಕಾಯುವುದು ಅಂಥದೇ ಬಾಕ್ಸು. ಮನೆ ಕಾಯುವ ವಸ್ತು ಹಡಗಿಗೆ ಅಪಾಯ ಹೇಗಾದೀತು? ಆಗ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಗೋಡೆಯ ಒಂದು ಪ್ಲಗ್ ಪಾಯಿಂಟಿನ ಹಿಂದಿರುವ ಸುಮಾರು ನೂರೈವತ್ತು ವರ್ಷಗಳ ಕತೆ. ಆ ಕತೆಯ ಒಂದು ತುದಿ ನಮ್ಮ ಹುಕ್ಕೇರಿ ತಾಲ್ಲೂಕಿನಲ್ಲೇ ಇದೆ.

ಸೊಸೈಟಿಯ ಕರೆಂಟು

ನಮ್ಮ ಸೀಮೆಗೂ ಕರೆಂಟಿಗೂ ಹಳೆಯ ನಂಟು. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಫಾಲ್ಸಿನಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ನಡೆಸಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ನಾಡಿನ ವಿದ್ಯುತ್ ಚರಿತ್ರೆ ಹೇಳುವವರು 1887ರ ಗೋಕಾಕನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ.

ಗಿರಣಿ ತಿರುಗಿದ ಮಾತ್ರಕ್ಕೆ ಹಳ್ಳಿಯ ಮನೆಯಲ್ಲಿ ದೀಪ ಹತ್ತಲಿಲ್ಲ. ಅದಕ್ಕೆ ಇನ್ನೂ ಎಂಟು ದಶಕ ಬೇಕಾಯಿತು. 1969ರಲ್ಲಿ ಕೇಂದ್ರ ಸರಕಾರ ಗ್ರಾಮೀಣ ವಿದ್ಯುದೀಕರಣ ನಿಗಮ ಕಟ್ಟಿತು. ಅಮೆರಿಕದ ರೈತರು 1930ರ ದಶಕದಲ್ಲಿ ತಾವೇ ಸಂಘ ಕಟ್ಟಿ, ತಾವೇ ಕಂಬ ನೆಟ್ಟು ಕರೆಂಟು ತಂದುಕೊಂಡಿದ್ದರು. ಅದೇ ಮಾದರಿಯನ್ನು ಇಲ್ಲಿ ಪ್ರಯೋಗಿಸಲು ದೇಶದಲ್ಲಿ ಐದು ಕಡೆ ಆರಿಸಿದರು: ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಆಗಿನ ಆಂಧ್ರದ ಸಿರ್ಸಿಲ್ಲಾ, ಉತ್ತರ ಪ್ರದೇಶದ ಲಖನೌ ಮತ್ತು ನಮ್ಮ ಹುಕ್ಕೇರಿ. ಅಪ್ಪಣಗೌಡ ಪಾಟೀಲರಂಥ ಸಹಕಾರಿ ಧುರೀಣರು ಹೆಗಲು ಕೊಟ್ಟರು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು ಹಾಗೆ. ಕರ್ನಾಟಕದಲ್ಲಿ ಇಂಥದ್ದು ಇದೊಂದೇ. ಸುತ್ತಲಿನ ತಾಲ್ಲೂಕುಗಳಿಗೆ ಸರಕಾರಿ ಕಂಪನಿ ಹೆಸ್ಕಾಂ ಕರೆಂಟು ಹಂಚುತ್ತದೆ, ನಮ್ಮಲ್ಲಿ ಸಂಘವೇ ಸಗಟಾಗಿ ಕೊಂಡು ಮನೆಮನೆಗೆ ಮುಟ್ಟಿಸುತ್ತದೆ. ಕರೆಂಟಿನ ಸಂಘಕ್ಕೆ ಷೇರುದಾರರು, ಚುನಾವಣೆ, ವಾರ್ಷಿಕ ಸಭೆ ಎಲ್ಲ ಉಂಟು.

ಈ ಏರ್ಪಾಡು ನಮಗೆ ಗೊತ್ತಿಲ್ಲದಂತೆ ಒಂದು ಪಾಠ ಕಲಿಸಿದೆ. ಟ್ರಾನ್ಸ್‌ಫಾರ್ಮರ್, ಅಂದರೆ ನಮ್ಮ ಮಾತಿನ ಟಿ.ಸಿ., ಒಂದು, ಅದಕ್ಕೆ ಜೋತುಬಿದ್ದ ಪಂಪ್‌ಸೆಟ್ಟು ಹತ್ತಾರು. ಒಬ್ಬ ಹೇಳದೆ ಕೇಳದೆ ದೊಡ್ಡ ಮೋಟರು ಕೂಡಿಸಿದರೆ ಟಿ.ಸಿ. ಸುಡುತ್ತದೆ, ಎಲ್ಲರ ಕಬ್ಬೂ ಒಣಗುತ್ತದೆ. ಹಡಗಿನ ಕೋಣೆಯ ಪ್ಲಗ್ಗಿನ ನಿಯಮಗಳು ನನಗೆ ಅರ್ಥವಾದದ್ದು ಈ ಟಿ.ಸಿ.ಯ ನೆನಪಿನಿಂದಲೇ.

ಬೀಗದೊಳಗಿನ ದೀಪ

ಹಡಗಿನ ಕರೆಂಟಿನ ಕತೆ ಇನ್ನೂ ಹಿಂದಿನದು. 1880ರಲ್ಲಿ ಅಮೆರಿಕದಲ್ಲಿ 'ಕೊಲಂಬಿಯಾ' ಎಂಬ ಪ್ರಯಾಣಿಕರ ಹಡಗು ನೀರಿಗಿಳಿಯಿತು. ಥಾಮಸ್ ಎಡಿಸನ್ ತನ್ನ ಹೊಸ ಬಲ್ಬುಗಳನ್ನು ಪ್ರಯೋಗಶಾಲೆಯ ಆಚೆ ಮೊದಲು ಕಟ್ಟಿದ ಜಾಗಗಳಲ್ಲಿ ಅದೂ ಒಂದು. ಕೋಣೆಯೊಳಗೆ ದೀಪ ಬಂತು, ಅದರ ಸ್ವಿಚ್ಚು ಮಾತ್ರ ಪ್ರಯಾಣಿಕನ ಕೈಗೆ ಬರಲಿಲ್ಲ. ಅದು ಕೋಣೆಯ ಹೊರಗೆ, ಬೀಟೆ ಮರದ ಪೆಟ್ಟಿಗೆಯೊಳಗೆ ಇತ್ತು, ಪೆಟ್ಟಿಗೆಗೆ ಬೀಗ. ದೀಪ ಹತ್ತಿಸಬೇಕೆಂದರೂ ಆರಿಸಬೇಕೆಂದರೂ ಹಡಗಿನ ಸೇವಕನನ್ನು ಕರೆಯಬೇಕಿತ್ತು. ಕಟ್ಟಿಗೆ, ಬಟ್ಟೆ, ಬಣ್ಣ ತುಂಬಿದ ಹಡಗಿನಲ್ಲಿ ಹೊಸ ವಸ್ತುವನ್ನು ಅಷ್ಟು ಹುಷಾರಿಯಿಂದ ಒಳಗೆ ಬಿಟ್ಟುಕೊಂಡಿದ್ದರು.

1912ರ ಹೊತ್ತಿಗೆ ಟೈಟಾನಿಕ್‌ನಲ್ಲಿ ತಲಾ 400 ಕಿಲೋವಾಟಿನ ನಾಲ್ಕು ಉಗಿ ಜನರೇಟರುಗಳಿದ್ದವು. 100 ವೋಲ್ಟಿನ ಕರೆಂಟು, ಸುಮಾರು 10,000 ಬಲ್ಬು. ಆದರೂ ಪ್ರಯಾಣಿಕನು ಮನೆಯಿಂದ ತಂದು ಸಿಕ್ಕಿಸುವಂಥ ವಸ್ತು ಆಗ ಹೆಚ್ಚು ಇರಲಿಲ್ಲ. ಕರೆಂಟೆಂದರೆ ಬೆಳಕು ಎಂದೇ ಲೆಕ್ಕ. ಮನೆಗಳಲ್ಲೂ ಇಸ್ತ್ರಿಪೆಟ್ಟಿಗೆಯನ್ನೋ ಫ್ಯಾನನ್ನೋ ಬಲ್ಬಿನ ಹೋಲ್ಡರಿಗೇ ತಿರುಗಿಸಿ ಕೂಡಿಸುತ್ತಿದ್ದರು. ಎಳೆದರೆ ಕಳಚುವ ಪ್ಲಗ್ಗಿಗೆ ಅಮೆರಿಕದ ಹಾರ್ವಿ ಹಬೆಲ್ ಪೇಟೆಂಟ್ ಪಡೆದದ್ದು 1904ರಲ್ಲಿ. ನಮ್ಮ ಕಡೆ ಬಹಳ ವರ್ಷ ಬಲ್ಬು ಬಿಚ್ಚಿ, ಅದೇ ಹೋಲ್ಡರಿಗೆ ಎರಡು ಪಿನ್ನಿನ ಅಡಾಪ್ಟರು ಸಿಕ್ಕಿಸಿ ರೇಡಿಯೋ ಹಚ್ಚುತ್ತಿದ್ದರು. ಬಾತ್ಮಿ ಕೇಳಬೇಕೆಂದರೆ ಕತ್ತಲೆಯಲ್ಲಿ ಕೂರಬೇಕಿತ್ತು.

ಮುಂದೆ ಒಂದೊಂದು ದೇಶ ಒಂದೊಂದು ಪ್ಲಗ್ ಹಿಡಿಯಿತು. ನಮ್ಮ ಮೂರು ಗುಂಡು ಪಿನ್ನಿನ ಪ್ಲಗ್ಗು 1934ರ ಬ್ರಿಟಿಷ್ ಅಳತೆಯದು. ಬ್ರಿಟಿಷರು 1947ರ ಹೊಸ ಅಳತೆಯ ಚಪ್ಪಟೆ ಪಿನ್ನಿಗೆ ಹೋದರು, ನಾವು ಹಳೆಯದನ್ನೇ ಉಳಿಸಿಕೊಂಡೆವು. ಅಮೆರಿಕ 120 ವೋಲ್ಟು, 60 ಹರ್ಟ್ಸ್. ನಮ್ಮದು 230 ವೋಲ್ಟು, 50 ಹರ್ಟ್ಸ್. ಹಡಗು ಎಲ್ಲ ದೇಶಗಳ ಜನರನ್ನು ಹೊರುವುದರಿಂದ ಅದರ ಗೋಡೆಯ ಮೇಲೆ ಈ ಜಗಳವೆಲ್ಲ ಒಟ್ಟಿಗೆ ಕೂತಿರುತ್ತದೆ. ಕನ್ನಡಿಯ ಪಕ್ಕ ಚಪ್ಪಟೆ ಪಿನ್ನಿನ 110 ವೋಲ್ಟಿನದೊಂದು, ಯುರೋಪಿನ ಎರಡು ಗುಂಡು ಪಿನ್ನಿನ 220ರದೊಂದು, ಬಚ್ಚಲಲ್ಲಿ ಗಡ್ಡದ ಮಷೀನಿಗೆಂದೇ ಇಟ್ಟ ಸಣ್ಣದೊಂದು. ಎಷ್ಟೋ ಹಳೆಯ ಹಡಗುಗಳ ಕೋಣೆಯಲ್ಲಿ ಇಷ್ಟೇ. ಅವನ್ನು ಕಟ್ಟುವಾಗ ಎಲ್ಲರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಇಂದು ಒಂದು ಕುಟುಂಬಕ್ಕೆ ನಾಲ್ಕು ಫೋನು, ವಾಚು, ಕ್ಯಾಮೆರಾ, ಪವರ್ ಬ್ಯಾಂಕು. ಎಲ್ಲರೂ ಎಕ್ಸ್‌ಟೆನ್ಶನ್ ಬಾಕ್ಸು ಕಟ್ಟಿಕೊಂಡು ಬರುವುದು ಅದಕ್ಕೇ.

ಕೆಳಗೆ ಮಣ್ಣಿಲ್ಲ

ಅಕ್ಕನ ಪ್ರಶ್ನೆಗೆ ಉತ್ತರ ನಮ್ಮ ಹಿತ್ತಲಲ್ಲೇ ಇದೆ. ಮನೆ ಕಟ್ಟಿಸಿದಾಗ ವೈರಿಂಗ್ ಮಾಡಿದವರು ಅಲ್ಲೊಂದು ಗುಂಡಿ ತೋಡಿ, ಉಪ್ಪು, ಇದ್ದಿಲು ತುಂಬಿ, ನಡುವೆ ಕಬ್ಬಿಣದ ಪೈಪು ಹೂಳಿದರು. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು ಅವ್ವ ವಾರಕ್ಕೊಮ್ಮೆ ಅದಕ್ಕೆ ಕೊಡ ನೀರು ಸುರಿಯುತ್ತಾಳೆ. ಪ್ಲಗ್ಗಿನ ಮೂರನೆಯ ದಪ್ಪ ಪಿನ್ನು ಆ ಪೈಪಿನ ನೆಂಟ. ಉಳಿದೆರಡಕ್ಕಿಂತ ಉದ್ದವಾಗಿರುವುದರಿಂದ ಸಿಕ್ಕಿಸುವಾಗ ಮೊದಲು ತಾಗುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಅತ್ತ ಟಿ.ಸಿ.ಯ ಬುಡದಲ್ಲಿ ನ್ಯೂಟ್ರಲ್ ತಂತಿಯನ್ನೂ ಮಣ್ಣಿಗೆ ಕೂಡಿಸಿರುತ್ತಾರೆ. ಹಾಗಾಗಿ ನಮ್ಮ ಮನೆಯ ಎರಡು ತಂತಿಗಳಲ್ಲಿ ಒಂದು ಜೀವಂತ, ಇನ್ನೊಂದು ಹೆಚ್ಚುಕಡಿಮೆ ನೆಲದ ಸಮ. ಎಕ್ಸ್‌ಟೆನ್ಶನ್ ಬಾಕ್ಸಿನೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಬಿಲ್ಲೆ ಇರುತ್ತದೆ. ವೋಲ್ಟೇಜು ಜಿಗಿದರೆ ಅದು ಹೆಚ್ಚುವರಿಯನ್ನು ಅರ್ಥಿಗೆ ತಳ್ಳುತ್ತದೆ. ನೆಲದ ಮೇಲೆ ಅದರ ಲೆಕ್ಕ ಸರಿ.

ಹಡಗಿನ ಕೆಳಗೆ ಮಣ್ಣಿಲ್ಲ. ಅದು ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುವ ತೇಲುವ ಊರು. ಕಬ್ಬಿನ ಹಿಪ್ಪೆ ಸುಟ್ಟು ತನ್ನ ಟರ್ಬೈನು ತಾನೇ ತಿರುಗಿಸಿಕೊಳ್ಳುವ ನಮ್ಮ ಊರಿನ ಸಕ್ಕರೆ ಕಾರ್ಖಾನೆಯ ಹಾಗೆ. ನಡುಸಮುದ್ರದಲ್ಲಿ ಒಂದು ತಂತಿ ಉಕ್ಕಿನ ಒಡಲಿಗೆ ತಾಗಿದೊಡನೆ ಫ್ಯೂಜು ಹಾರಿ ಕರೆಂಟು ಹೋದರೆ ಗತಿಯೇನು? ಚುಕ್ಕಾಣಿಗೂ ಕರೆಂಟು ಬೇಕು, ಪಂಪಿಗೂ ಬೇಕು. ಆದ್ದರಿಂದ ಹಡಗಿನಲ್ಲಿ ಸಾಮಾನ್ಯವಾಗಿ ಎರಡು ತಂತಿಗಳನ್ನೂ ಒಡಲಿನಿಂದ ದೂರ ಇಡುತ್ತಾರೆ. ಒಂದು ತಾಗಿದರೂ ದೀಪ ಆರುವುದಿಲ್ಲ, ಕಂಟ್ರೋಲ್ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ, ಎಲೆಕ್ಟ್ರಿಷಿಯನ್ನರು ದೋಷ ಹುಡುಕುತ್ತಾರೆ.

ನನ್ನ ಬಾಕ್ಸು ಕೆಡುವುದು ಇಲ್ಲೇ. ಹಡಗಿನ ಎರಡು ತಂತಿಗಳೂ ಜೀವಂತ, ಬಾಕ್ಸಿನ ಸ್ವಿಚ್ಚು ಕಡಿಯುವುದು ಬಹುಪಾಲು ಒಂದನ್ನೇ. ಎಲ್ಲೋ ಮೂರು ಮಹಡಿ ಕೆಳಗೆ ಅಡುಗೆಮನೆಯ ತಂತಿ ಒಡಲಿಗೆ ತಾಗಿದರೂ, ಅದರ ಭಾರ ನನ್ನ ಹಾಸಿಗೆಯ ಪಕ್ಕದ ಬಿಲ್ಲೆಯ ಮೇಲೆ ಬೀಳಬಹುದು. ಬಿಲ್ಲೆ ಕಾಯುತ್ತದೆ, ಪ್ಲಾಸ್ಟಿಕ್ಕು ಕರಗುತ್ತದೆ, ಹತ್ತಿರದಲ್ಲೇ ಪರದೆ ಇರುತ್ತದೆ. ಇಂಥ ಬಾಕ್ಸಿನಿಂದ ಹಡಗಿನ ಕೋಣೆಯಲ್ಲಿ ಬೆಂಕಿ ಬಿದ್ದ ಮೇಲೆ ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲಿ ಎಚ್ಚರಿಕೆಯ ಸುತ್ತೋಲೆ ಹೊರಡಿಸಿತು.

ನೆಲದ ಮೇಲೆ ಬೆಂಕಿ ಬಿದ್ದರೆ ಹೊರಗೆ ಓಡುತ್ತೇವೆ. ಸಮುದ್ರದಲ್ಲಿ ಹೊರಗೆ ಎಂಬುದಿಲ್ಲ. 1965ರ ನವೆಂಬರ್ 13ರ ನಸುಕಿಗೆ ಮೊದಲು, ಮಯಾಮಿಯಿಂದ ಬಹಾಮಾಸ್‌ಗೆ ಹೊರಟಿದ್ದ 'ಯಾರ್ಮತ್ ಕ್ಯಾಸಲ್' ಹಡಗಿನಲ್ಲಿ, ಸಾಮಾನು ತುಂಬಿಟ್ಟ ಒಂದು ಕೋಣೆಯಲ್ಲಿ ಹೊತ್ತಿಕೊಂಡ ಬೆಂಕಿ 90 ಜನರನ್ನು ತಿಂದಿತು. ಅದು ಪ್ಲಗ್ಗಿನ ಬೆಂಕಿಯೆಂದು ನಾನು ಹೇಳುತ್ತಿಲ್ಲ. ಒಂದು ಕೋಣೆ ಸಾಕು ಎಂಬುದಷ್ಟೇ ಮಾತು. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಬರೆದ ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವನ್ನು ಇಂಥ ಒಂದೊಂದು ದುರಂತದ ಬಳಿಕವೂ ಬಿಗಿ ಮಾಡುತ್ತ ಬಂದರು. ತಪಾಸಣೆ ಮೇಜಿನ ಮೇಲೆ ರಾಡು, ಇಸ್ತ್ರಿಪೆಟ್ಟಿಗೆ, ಕೆಟಲ್ ತೆಗೆದಿಡುವ ಕೈಗಳ ಹಿಂದೆ ಆ ಸತ್ತವರ ನೆನಪಿದೆ. ಅದು ತಿಳಿದರೆ ಸಿಟ್ಟು ಬರುವುದಿಲ್ಲ.

ಚೀಲದಲ್ಲಿ ಏನಿರಲಿ

ಹೋಗುವವರಿಗೆ ನನ್ನ ಅನುಭವದ ಮಾತು ಇಷ್ಟು. ಟಿಕೆಟಿನ ಜೊತೆ ಕೊಡುವ ನಿಷೇಧಿತ ವಸ್ತುಗಳ ಪಟ್ಟಿಯನ್ನು ಓದಿ, ಹಡಗಿನಿಂದ ಹಡಗಿಗೆ ಅದು ಬೇರೆ. ಚಾರ್ಜರಿನ ಮೇಲೆ ಸಣ್ಣ ಅಕ್ಷರದಲ್ಲಿ 100–240 ವೋಲ್ಟು, 50/60 ಹರ್ಟ್ಸ್ ಎಂದಿದ್ದರೆ ಕೋಣೆಯ 110ಕ್ಕೂ 220ಕ್ಕೂ ನಡೆಯುತ್ತದೆ, ಪಿನ್ನು ಹೊಂದಿಸುವ ಅಡಾಪ್ಟರು ಸಾಕು. ಮೂರು ನಾಲ್ಕು ಯುಎಸ್‌ಬಿ ಬಾಯಿಯ ಒಂದೇ ಚಾರ್ಜರು ಒಯ್ದರೆ ಬಾಕ್ಸು ಬೇಕಾಗುವುದಿಲ್ಲ. ಹಲವು ಹಡಗುಗಳಲ್ಲಿ ಬಾಗಿಲ ಬಳಿಯ ಕಾರ್ಡು ತೆಗೆದರೆ ಕೋಣೆಯ ಕರೆಂಟೂ ಹೋಗುತ್ತದೆ. ಊಟಕ್ಕೆ ಹೋಗುವ ಮೊದಲು ಫೋನು ಹಚ್ಚಿಟ್ಟು ಬಂದರೆ ತುಂಬಿರುತ್ತದೆಂದು ನಂಬಬೇಡಿ. ಬಚ್ಚಲಿನ ಗಡ್ಡದ ಪ್ಲಗ್ಗಿಗೆ ಬೇರೇನನ್ನೂ ಹಚ್ಚಬೇಡಿ. ನಿದ್ದೆಯ ಉಸಿರಾಟದ ಯಂತ್ರ ಬೇಕಾದವರು ಟಿಕೆಟ್ ಮಾಡುವಾಗಲೇ ತಿಳಿಸಿ. ಪವರ್ ಬ್ಯಾಂಕನ್ನು ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ.

ಇಳಿಯುವ ದಿನ ಪಟ್ಟಿ ಕಟ್ಟಿದ ಬಾಕ್ಸೂ ರಾಡೂ ಕೈಗೆ ಬಂದವು. ರಾತ್ರಿ ಬಸ್ಸು ಹಿಡಿದು, ನಿಪ್ಪಾಣಿ, ಸಂಕೇಶ್ವರ ದಾಟಿ ಊರು ಮುಟ್ಟಿದಾಗ ಬೆಳಕು ಹರಿದಿತ್ತು. ಬಾಕ್ಸನ್ನು ಅದರ ಹಳೆಯ ಜಾಗದಲ್ಲಿ, ಟಿ.ವಿ.ಯ ಹಿಂದೆ ಸಿಕ್ಕಿಸಿದೆ. ದಪ್ಪ ಪಿನ್ನು ಮೊದಲು ಒಳಗೆ ಹೋದದ್ದು ಕೈಗೆ ತಿಳಿಯಿತು. ಹಿತ್ತಲಲ್ಲಿ ಅವ್ವ ಅರ್ಥಿಂಗ್ ಗುಂಡಿಗೆ ನೀರು ಸುರಿಯುತ್ತಿದ್ದಳು. ಅಕ್ಕ ಹೋಗಿ ಅವಳ ಕೈಯಿಂದ ಕೊಡ ಇಸಕೊಂಡು, ಉಳಿದ ನೀರನ್ನೂ ಅಲ್ಲೇ ಹೊಯ್ದಳು.